ಬೋರಲು ಸೇರು

ಬೀಗರನ್ನು ಜರಿಯುವ ಹಾಡು ಚಪ್ಪರ ಇಳಿಸುವುದರೊಳಗೆ ಸಾಯಬೇಕು. ನನಗೆ ಹಾಡು ಕಟ್ಟುವುದನ್ನು ಕಲಿಸಿದ ಹುಲಿಯಮ್ಮ ಮೊದಲು ಹೇಳಿದ ಮಾತು ಅದು. ಅವಳು ಸತ್ತು ಮೂವತ್ತು ವರ್ಷದ ಮೇಲಾಯಿತು. ಎಷ್ಟೋ ಮದುವೆಗಳಲ್ಲಿ ಎಷ್ಟೋ ಬೀಗಿತ್ತಿಯರ ಮಾನ ಕಳೆದವಳು. ಆದರೆ ಅವಳು ಕಟ್ಟಿದ ಒಂದು ಹಾಡೂ ಇವತ್ತು ಯಾರ ಬಾಯಲ್ಲೂ ಇಲ್ಲ. ಹಾಗಾಗಿ ಅವಳಿಗೆ ಯಾರ ಶಾಪವೂ ಇಲ್ಲ.

ಮದುವೆಯ ಮಾರನೆಯ ದಿನ ಬೀಗರ ಊಟ. ಎಲೆಯ ಮುಂದೆ ಎಲ್ಲರೂ ಕೂತಾಗ ಹೆಣ್ಣಿನ ಕಡೆಯವರು ಗಂಡಿನ ತಾಯಿಯನ್ನು ಹೆಸರು ಹಿಡಿದು ಹಾಡಿನಲ್ಲಿ ಬೈಯುತ್ತಾರೆ. ಅವರೂ ಸುಮ್ಮನಿರುವುದಿಲ್ಲ, ತಿರುಗಿಸಿ ಹಾಡುತ್ತಾರೆ. ಬೈಗುಳ ಮುಗಿದ ಮೇಲೆ ಸಕ್ಕರೆ ಹಾಡು. ಬೈದವಳೇ ಎದ್ದು ಹೋಗಿ, ಬೈಸಿಕೊಂಡವಳ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ, ಆಡಿದ್ದನ್ನೆಲ್ಲ ಹಾಡಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅಲ್ಲಿಗೆ ಹಾಡು ಸತ್ತಿತು. ಸಕ್ಕರೆ ಹಾಡನ್ನು ಬೇರೆ ಹೊತ್ತಿನಲ್ಲಿ ಹಾಡುವ ಹಾಗಿಲ್ಲ. ಕೈಯಲ್ಲಿ ಸಕ್ಕರೆ ಇರಬೇಕು, ಎದುರಿಗೆ ಬಾಯಿ ಇರಬೇಕು. ಬರಿ ಗಾಳಿಗೆ ಹಾಡಿದರೆ ಸತ್ತವರ ಬಾಯಿಗೆ ಹಾಕಿದ ಹಾಗೆ ಎಂದು ಹುಲಿಯಮ್ಮ ಹೇಳುತ್ತಿದ್ದಳು. ನಾನು ಅದನ್ನು ಒಂದು ದಿನವೂ ಮೀರಲಿಲ್ಲ. ಮೀರದೆ ಇದ್ದದ್ದೇ ತಪ್ಪಾಯಿತು.

ನನ್ನ ಹೆಸರು ತಾಯಮ್ಮ. ಅಂಜನಾಪುರದಲ್ಲಿ ತಮ್ಮನ ಮನೆಯಲ್ಲಿ ಇದ್ದೇನೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಹೆಸರು ಓದುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೆ. ಹಾಡನ್ನು ನಾನು ಬರೆಯುವುದಿಲ್ಲ. ಕಳೆ ಕೀಳುವಾಗ ಬಾಯಲ್ಲೇ ಹೊರಳಿಸಿ ಹೊರಳಿಸಿ ಕಟ್ಟುತ್ತೇನೆ. ಸಾಲಿನ ತುದಿ ಮುಟ್ಟುವುದರೊಳಗೆ ಒಂದು ನುಡಿ ಆಗಿರುತ್ತದೆ.

ಗಂಗಾಶ್ರೀ ನನ್ನ ಮಗಳ ಮಗಳು. ಅವಳಿಗೆ ಐದು ತುಂಬಿದಾಗ ನನ್ನ ಮಗಳು ತೀರಿಕೊಂಡಳು. ಅಳಿಯ ಬೇರೆ ಮದುವೆಯಾದ. ಹುಡುಗಿಯನ್ನು ನಾನೇ ಸಾಕಿದೆ. ತೊಂಬತ್ತೈದರ ಬೇಸಿಗೆಯಲ್ಲಿ ಆನವಟ್ಟಿಯ ಚನ್ನೇಶ್‌ಗೆ ಕೊಟ್ಟೆವು. ಅವರದು ಅಕ್ಕಿ, ಕಾಳು ಮಾರುವ ಅಂಗಡಿ. ಮಾವ ಮಹೇಶ್ವರಪ್ಪ, ಅತ್ತೆ ನಿರ್ಮಲಮ್ಮ. ಹುಡುಗಿಯ ಜೊತೆ ಅವಳ ತಾಯಿಯ ತಗಡಿನ ಪೆಟ್ಟಿಗೆಯನ್ನೂ ಕಳಿಸಿದೆ. ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಆ ಮದುವೆಯ ಬೀಗರ ಊಟದಲ್ಲಿ ನಾನು ಕಟ್ಟಿದ ಹಾಡು ಇದು.

ಸೇರು ಬೋರಲು ಹಾಕಿ ಅಕ್ಕಿ ಅಳೆದಾಳ
ಯಾರ ಮಗಳಿವಳು ನಿರ್ಮಲಮ್ಮ
ಊರ ಬೀಗರಿಗೆಲ್ಲ ತಿಳಿಗಂಜಿ ಬಡಿಸ್ಯಾಳ
ನೀರು ಕುಡಿದರೂ ಮುಖ ಸಿಂಡರಿಸ್ಯಾಳ

ಸೇರನ್ನು ಬೋರಲು ಹಾಕಿದರೆ ತಳದ ಕಡೆ ಬೆರಳ ಗೆಣ್ಣಿನಷ್ಟು ತಗ್ಗು ಇರುತ್ತದೆಯಲ್ಲ, ಅಷ್ಟರಲ್ಲಿ ಅಳೆಯುತ್ತಾಳೆ ಎಂದು. ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ನಿರ್ಮಲಮ್ಮನೂ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತು, ಹಲ್ಲೆಲ್ಲ ಉದುರಿದರೂ ಮುದುಕಿಯ ನಾಲಿಗೆ ಯಾಕೆ ಉದುರಲಿಲ್ಲ ಎಂದು ನನ್ನ ಮೇಲೆ ಹಾಡಿದಳು. ಚೆನ್ನಾಗಿಯೇ ಹಾಡಿದಳು. ನಾನು ಎದ್ದು ಹೋಗಿ ಸಕ್ಕರೆ ಹಾಡು ಹೇಳಿದೆ.

ಆಡಿದ ಮಾತೆಲ್ಲ ಅಡಕೆಯ ಸಿಪ್ಪೆ
ಕೂಡಿದ ಮನವೊಂದೆ ಕೊಬ್ಬರಿ ಬೆಲ್ಲ
ಬಾಡದಿರಲಿ ಬೀಗಿತ್ತಿ ನಿನ್ನ ಮುಡಿಯ ಹೂವು
ನೋಡು ಸಕ್ಕರೆ ತಂದೆ, ಬಾಯ್ ತೆರೆಯೆ

ಅವಳು ಬಾಯಿ ತೆರೆದಳು. ನನ್ನ ಬೆರಳನ್ನು ಮೆಲ್ಲಗೆ ಕಚ್ಚಿದಳು ಕೂಡ. ಅಲ್ಲಿಗೆ ಮುಗಿಯಬೇಕಿತ್ತು.

ನನ್ನ ತಮ್ಮನ ಮಗ ಸಿದ್ಧಲಿಂಗೇಶ್ ಶಿರಾಳಕೊಪ್ಪದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಗಂಗಾಶ್ರೀಯ ಮದುವೆಯಾದ ಆರು ತಿಂಗಳಿಗೆ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ರಗ್ಗು ಹೊಡೆದು, ಒಂದು ಕೀಬೋರ್ಡು ತಂದಿಟ್ಟು, ಹೊರಗೆ ಹೊಸ ಬೋರ್ಡು ಹಾಕಿಸಿದ. ನನ್ನ ಹಾಡುಗಳದು ಒಂದು ಕ್ಯಾಸೆಟ್ ಮಾಡುತ್ತೇನೆ ಎಂದು ಕರೆದುಕೊಂಡು ಹೋದ.

"ಬೋರ್ಡಿನಾಗೆ ಏನು ಬರ್ಸೀಯ?"

"ಡಿಜಿಟಲ್ ಅಂತ ಅತ್ತೆ."

"ಹಂಗಂದ್ರೆ?"

"ಹಂಗಂದ್ರೆ ದಮ್ಮಡಿ ಬಡಿಯೋರ್ನ ಕರೀಬೇಕಾಗಿಲ್ಲ, ಅವ್ರಿಗೆ ಊಟ ಹಾಕ್ಬೇಕಾಗಿಲ್ಲ. ಗುಂಡಿ ಒತ್ತಿದ್ರೆ ತಾಳ ತಾನೇ ಬಡಿತದೆ. ನೀನು ಹಾಡೋದು ಒಂದೇ ಬಾಕಿ."

ಗುಂಡಿ ಒತ್ತಿದ. ತಾಳ ಬಡಿಯಿತು. ಅದಕ್ಕೆ ಉಸಿರಿಲ್ಲ. ಜರಿಯುವ ಹಾಡಿನಲ್ಲಿ ಒಂದು ಸಾಲು ಹೇಳಿ ಜನ ನಕ್ಕು ಮುಗಿಸುವವರೆಗೆ ಕಾಯಬೇಕು. ಹಾಗೆ ಕಾಯುವುದೇ ಹಾಡಿನ ಅರ್ಧ ಕೆಲಸ. ಆಗಲೇ ಬೈಸಿಕೊಂಡವಳ ಮುಖ ನೋಡುವುದು, ಮುಂದಿನ ಸಾಲನ್ನು ಬಿಗಿಮಾಡಬೇಕೋ ಸಡಿಲಬೇಕೋ ತಿಳಿಯುವುದು. ಆ ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ. ನನ್ನ ಎದುರಿಗೆ ರಗ್ಗು ಹೊಡೆದ ಗೋಡೆ ಬಿಟ್ಟರೆ ಯಾವ ಮುಖವೂ ಇರಲಿಲ್ಲ.

"ನಿರ್ಮಲಮ್ಮನ ಹೆಸರು ಬೇಡ ಅತ್ತೆ, ಬೇರೆ ಏನಾರ ಹಾಕು," ಅಂದ ಸಿದ್ಧಲಿಂಗೇಶ್. ಅವನು ಅಂದದ್ದನ್ನು ನಾನು ಮುಚ್ಚಿಡುವುದಿಲ್ಲ. ಬೇರೆ ಎರಡು ಹೆಸರು ಹಾಕಿ ನೋಡಿದೆ. ಸಾಲು ಕುಂಟಿತು. ಹುಟ್ಟಿದ ಹೆಸರು ತೆಗೆದರೆ ಹಾಡಿಗೆ ಜೀವ ಇರುವುದಿಲ್ಲ ಎಂದು ನಾನೇ ಹಟ ಹಿಡಿದೆ.

"ಆಯ್ತು. ಕೊನೆಗೆ ಸಕ್ಕರೆ ಹಾಡೂ ಹೇಳ್ಬಿಡು, ಟೇಪು ಉಳಿದೈತೆ."

"ಯಾರ ಬಾಯಿಗೋ ಹಾಕ್ಲಿ? ನಿನ್ನ ಪೆಟ್ಟಿಗೆ ಬಾಯಿಗಾ?"

"ಸುಮ್ನೆ ಹಾಡು ಅತ್ತೆ, ಯಾರು ನೋಡ್ತಾರೆ."

"ಬಾಯಿಲ್ದೆ ಸಕ್ಕರೆ ಹಾಡಬಾರ್ದು. ಬಿಡು."

ಉಳಿದ ಟೇಪಿಗೆ ಅವನು ಬೋರಲು ಸೇರಿನ ಸಾಲನ್ನೇ ಮತ್ತೆ ಮತ್ತೆ ಬರುವ ಹಾಗೆ ಜೋಡಿಸಿದ. ನಾನು ಒಂದು ಸಲ ಹೇಳಿದ್ದನ್ನು ಆ ಯಂತ್ರ ಎಂಟು ಸಲ ಹೇಳಿತು. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಅಚ್ಚಾಗಿ ಬಂತು. ನನಗೆ ಓದಲು ಬರುವ ಹೆಸರು. ಒಂದು ವಾರ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ.

ಹಾಡು ಹತ್ತಿಕೊಂಡಿತು. ಶಿರಾಳಕೊಪ್ಪದ ಸಂತೆಯಲ್ಲಿ, ಹೋಟೆಲುಗಳಲ್ಲಿ, ಟ್ರ್ಯಾಕ್ಟರಿನಲ್ಲಿ ಅದೇ. ಆನವಟ್ಟಿಗೆ ಹೋಗುವ ಬಸ್ಸಿನಲ್ಲಿ ದಿನಕ್ಕೆ ನಾಲ್ಕು ಸಲ ಹಾಕುತ್ತಾರೆ ಎಂದು ಸಿದ್ಧಲಿಂಗೇಶ್ ಹೆಮ್ಮೆಯಿಂದ ಹೇಳಿದ. ಆನವಟ್ಟಿ ಎಂದ ಕೂಡಲೇ ನಿರ್ಮಲಮ್ಮನ ನೆನಪಾಯಿತು. ಆದರೂ ಆ ಬಸ್ಸಿನಲ್ಲಿ ಹಾಕಿಸಬೇಡ ಎನ್ನಲಿಲ್ಲ.

ಮುಂದಿನ ವರ್ಷ ಪಂಚಮಿಗೆ ಗಂಗಾಶ್ರೀ ಬಂದಳು. ತಾಟಿಗೆ ಅನ್ನ ಹಾಕಿದೆ. ಎಡಗೈಯನ್ನು ತಾಟಿನ ಸುತ್ತ ಅಡ್ಡ ಇಟ್ಟುಕೊಂಡು ಉಂಡಳು. ನಾನು ನೋಡುತ್ತಿದ್ದದ್ದು ಅವಳ ಬಳೆಗಳನ್ನು. ಮದುವೆಯಲ್ಲಿ ಸೋಪು ಹಚ್ಚಿ ಏರಿಸಿದ ಬಳೆಗಳು, ಕೈಯೆತ್ತಿದಾಗ ಮೊಣಕೈವರೆಗೂ ಜಾರುತ್ತಿದ್ದವು.

"ಏನೇ ಇದು?"

"ಏನಿಲ್ಲ ಅಜ್ಜಿ. ಇನ್ನೊಂದು ಹಿಡಿ ಅನ್ನ ಹಾಕು."

ಮೂರನೇ ಸಲ ಹಾಕಿದ ಮೇಲೆ ಹೇಳಿದಳು. ದನಿ ಏರಿಸದೆ, ಹೊಲದ ಸುದ್ದಿ ಹೇಳುವ ಹಾಗೆ ಹೇಳಿದಳು. ಅಂಗಡಿಗೆ ಬಂದವರು ಮಹೇಶ್ವರಪ್ಪನಿಗೆ, "ಯಜಮಾನ್ರೇ, ಸೇರು ನೆಟ್ಟಗೆ ಹಿಡೀರಿ" ಎನ್ನತೊಡಗಿದರಂತೆ. ಮೊದಲು ನಗೆಯಾಡಿದರು. ಆಮೇಲೆ ಆನವಟ್ಟಿಯ ತುಂಬ ಅದು ಬೋರಲು ಸೇರಿನ ಅಂಗಡಿ ಎಂದೇ ಹೆಸರಾಯಿತು. ಹಳೆಯ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಮಹೇಶ್ವರಪ್ಪ ಸೇರನ್ನು ತೆಗೆದು ತಕ್ಕಡಿ ತಂದಿಟ್ಟ. ನಿರ್ಮಲಮ್ಮ ಆ ಸೇರನ್ನು ಅಡುಗೆಮನೆಗೆ ಒಯ್ದಳು.

"ನಿಮ್ಮಜ್ಜಿ ಹಾಡ್ಯಾಳಲ್ಲ, ಸುಳ್ಳಾಗಬಾರ್ದು ಅಂತ ನನ್ನ ಪಾಲಿನ ಅಕ್ಕಿ ಅದ್ರಾಗೆ ಅಳೀತಾರೆ. ಬೋರಲು ಹಾಕಿ."

"ದಿನಾ?"

"ದಿನಕ್ಕೊಂದು ಸಲ. ನನ್ನ ಅನ್ನ ಬೇರೆ ಚರಿಗೇಲಿ ಬೇಯ್ತದೆ."

"ಚನ್ನೇಶ ಏನಂತಾನೆ?"

"ಅವ್ರಿಗೆ ಟಿಫಿನ್ ಬಾಕ್ಸ್ ದೊಡ್ಡ ಪಾತ್ರೇಲಿಂದ ನಾನೇ ತುಂಬೋದು, ನೋಡ್ತಾರೆ. ಏನೂ ಅನ್ನಲ್ಲ."

"ನೀ ಹೋಗ್ಬೇಡ. ಇಲ್ಲೇ ಇರು."

"ಮೂರು ತಿಂಗಳಾಗೈತೆ ಅಜ್ಜಿ," ಅಂದಳು. ಕೈ ತೊಳೆದುಕೊಂಡು ಬಂದು ಮತ್ತೆ ಹೇಳಿದಳು, "ಇಲ್ಲಿದ್ರೆ ಈ ಮಗುವಿಗೂ ನನ್ನಂಗೆ ಅಪ್ಪ ಇಲ್ದಂಗಾಗ್ತದೆ."

ಅವಳನ್ನು ಕಳಿಸಿದ ನಾಲ್ಕನೆಯ ದಿನ ನಾನು ಪಾವು ಸಕ್ಕರೆ ಕಟ್ಟಿಸಿಕೊಂಡು ಆನವಟ್ಟಿ ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟಿದ ಕೂಡಲೇ ಡ್ರೈವರು ಹಾಡು ಹಾಕಿದ. ನನ್ನ ದನಿಯೇ. ಪಕ್ಕದಲ್ಲಿ ಕೂತ ಹೆಂಗಸು ತೊಡೆ ತಟ್ಟಿಕೊಂಡು ನಕ್ಕಳು.

"ಎಂಥಾ ಹಾಡು ಕಟ್ಯಾಳೆ ನೋಡಮ್ಮ ಮುದುಕಿ. ಆನವಟ್ಟಿಯಾಗೆ ಆ ಅಂಗಡಿ ನಿಜ್ವಾಗ್ಲೂ ಐತಂತೆ."

"ಹೌದಾ?"

"ಹೌದಂತೆ. ಸಣ್ಣ ಮನಸಿನೋರಂತೆ. ಸೊಸೀಗೂ ಅನ್ನ ಹಾಕಲ್ವಂತೆ."

ಬಸ್ಸು ಇಳಿಯುವವರೆಗೆ ಆ ಸಾಲು ಎಷ್ಟು ಸಲ ಬಂತೋ ತಿಳಿಯದು. ಒಂದು ಸಲವಾದರೂ ದನಿ ದಣಿಯಲಿಲ್ಲ.

ನಿರ್ಮಲಮ್ಮ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಚನ್ನೇಶ್ ಒಳಗಿಂದ ಬಂದು ಕಂಬಕ್ಕೆ ಒರಗಿ ನಿಂತ. ಅಡುಗೆಮನೆಯ ಬಾಗಿಲಲ್ಲಿ ಗಂಗಾಶ್ರೀ. ನಾನು ಸಕ್ಕರೆಯ ಪೊಟ್ಟಣ ಬಿಚ್ಚಿದೆ.

"ಏನ್ರೀ ಅದು, ಬೀಗಿತ್ತಿ?"

"ಸಕ್ಕರೆ. ಕ್ಯಾಸೆಟ್ನಾಗೆ ಹಾಡೋದು ಬಿಟ್ಟಿದ್ದೆ. ಬಾಯಿ ತೆರೀರಿ, ಈಗ ಹಾಡ್ತೀನಿ."

"ನೀವು ಚಪ್ಪರದಾಗೆ ಹಾಡಿದ್ರಿ, ನಾನು ಬಾಯಿ ತೆರೆದೆ. ನಿಮ್ಮ ಬೈಗಳ ಅಲ್ಲಿಗೇ ಸತ್ತಿತ್ತು. ಸತ್ತಿದ್ದನ್ನ ಎಬ್ಬಿಸಿಕೊಂಡು ಬಂದೋರು ಯಾರ್ರೀ?"

ಸಕ್ಕರೆಯ ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದಳು.

"ನಾಕು ಗೋಡೆ ಒಳಗೆ ಸಕ್ಕರೆ ತಿಂದ್ರೆ ಬಸ್ಸಿನಾಗೆ ಹಾಡು ನಿಲ್ತದೇನ್ರೀ? ನಮ್ಮ ಯಜಮಾನ್ರು ಅಂಗಡಿ ಬಾಗ್ಲಾಗೆ ಕೂರೋದು ಬಿಟ್ಟು ಮೂರು ತಿಂಗಳಾಯ್ತು. ಮೂಟೆ ಹಿಂದೆ ಕೂತ್ಕೋತಾರೆ."

"ನನ್ನದು ತಪ್ಪು. ಹುಡುಗಿ ಏನು ಮಾಡ್ಯಾಳೆ? ಬಸುರಿ ಅವಳು."

"ನಾನೇನು ಹೊಡದೆನಾ, ಬಡದೆನಾ? ನೀವು ಕಟ್ಟಿದ ಹಾಡಿನಂಗೆ ನಡೀತಿದೀನಿ." ಮೊರವನ್ನು ಕೆಳಗಿಟ್ಟಳು. "ಒಂದು ಕೆಲ್ಸ ಮಾಡಿ. ಇವಳ ಮೇಲೊಂದು ಹಾಡು ಕಟ್ಟಿ. ಹೆಸರು ಹಿಡಿದು. ನನ್ನ ಹಾಡಿನಷ್ಟು ಚಂದ ಇರ್ಬೇಕು. ಇಲ್ಲೇ, ಈಗ್ಲೇ. ಅದು ನನ್ನ ಹತ್ರ ಇದ್ರೆ ಸೇರು ನೆಟ್ಟಗೆ ಹಿಡೀತೀನಿ. ಗುರುವಿನಾಣೆ."

ಚನ್ನೇಶ್‌ಗೆ ಹೇಳುವುದೇ ಬೇಕಾಗಲಿಲ್ಲ. ಒಳಗೆ ಹೋಗಿ ಟೇಪ್‌ರೆಕಾರ್ಡರ್ ತಂದು ನನ್ನ ಮುಂದಿಟ್ಟ. ಕೆಂಪು ಗುಂಡಿ ಯಾವುದೆಂದು ತಾಯಿಗೆ ತೋರಿಸಿದ.

ನಾನು ಗಂಗಾಶ್ರೀಯ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈಯಲ್ಲಿ ಬಳೆಗಳು ಮೊಣಕೈ ಹತ್ತಿರ ಗುಂಪಾಗಿದ್ದವು.

ಜರಿಯುವ ಹಾಡಿಗೆ ಒಂದು ಕಾಳಿನಷ್ಟಾದರೂ ನಿಜ ಬೇಕು. ನಿಜವಿಲ್ಲದ ಬೈಗುಳಕ್ಕೆ ಯಾರೂ ನಗುವುದಿಲ್ಲ. ಗಾಯದ ಪಕ್ಕಕ್ಕೆ ಹೊಡಿ, ಗಾಯಕ್ಕೆ ಹೊಡೆಯಬೇಡ ಎಂದು ಹುಲಿಯಮ್ಮ ಹೇಳುತ್ತಿದ್ದಳು. ನಾನು ಹುಡುಕಿದೆ. ಗಂಗಾಶ್ರೀ ಸೋಮಾರಿಯಲ್ಲ, ಬಾಯಿಬಡುಕಿಯಲ್ಲ, ಕುರೂಪಿಯಲ್ಲ. ಪಕ್ಕ ಎಂಬುದೇ ಸಿಗಲಿಲ್ಲ. ನನಗೆ ಸಿಕ್ಕಿದ್ದು ಒಂದೇ ಒಂದು.

ತಾಯಿ ಸತ್ತ ವರ್ಷ, ಅವಳು ದಿನಾ ತನ್ನ ಪಾಲಿನ ರೊಟ್ಟಿಯಲ್ಲಿ ಒಂದನ್ನು ತಾಯಿಯ ಪೆಟ್ಟಿಗೆಯಲ್ಲಿ, ಸೀರೆಯ ಕೆಳಗೆ ಮುಚ್ಚಿಡುತ್ತಿದ್ದಳು. ಅವ್ವ ಬಂದಾಗ ಹಸಿದಿರುತ್ತಾಳೆ ಎಂದು. ಇರುವೆ ಸಾಲು ಹಿಡಿದು ಹೋಗಿ ನಾನು ಪೆಟ್ಟಿಗೆ ತೆಗೆದಾಗ ಹದಿನೇಳು ರೊಟ್ಟಿ ಇದ್ದವು, ಬೂಸಲು ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಇದು ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ನಿರ್ಮಲಮ್ಮ ಕೆಂಪು ಗುಂಡಿ ಒತ್ತಿದಳು.

ಪೆಟ್ಟಿಗೆಯ ತೆಗೆದರೆ ಸೀರೆ ಕಾಣವಲ್ದು
ರೊಟ್ಟಿ ಮೇಲೆ ರೊಟ್ಟಿ ಗಂಗಾಶ್ರೀ
ಹೊಟ್ಟೆಯೋ ಇದು ನಿನ್ನ ಅಂಜನಾಪುರದ ಕೆರೆಯೋ
ಎಷ್ಟು ಸುರಿದರೂ ತುಂಬವಲ್ದು

ಕೆಟ್ಟದಾಗಿ ಕಟ್ಟಬೇಕೆಂದುಕೊಂಡಿದ್ದೆ. ಬಾಯಿ ಕೇಳಲಿಲ್ಲ. ಐವತ್ತು ವರ್ಷ ಪಳಗಿದ ನಾಲಿಗೆ ತಾನೇ ಪ್ರಾಸ ಹುಡುಕಿಕೊಂಡಿತು. ಎರಡನೆಯ ನುಡಿ ಬಂತು, ಮೂರನೆಯದು ಬಂತು. ಇರುವೆ ಬಂತು, ಬೂಸಲೂ ಬಂತು. ಅವ್ವ ಮಾತ್ರ ಬರಲಿಲ್ಲ. ಅವ್ವನನ್ನು ಬಿಟ್ಟರೆ ಅದು ಬರಿ ಹೊಟ್ಟೆಬಾಕಿಯ ಕಥೆ, ನಗು ಬರುವ ಕಥೆ. ಮೊದಲ ಸಾಲು ಮುಗಿದಾಗ ನಾನು ಕಾದೆ, ಅಭ್ಯಾಸ. ನಿರ್ಮಲಮ್ಮ ನಕ್ಕಳು. ಎರಡನೆಯ ಸಾಲಿಗೆ ಕಂಬದ ಹತ್ತಿರ ಚನ್ನೇಶ್ ನಕ್ಕ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಹೆಗಲು ಕುಣಿಸಿಕೊಂಡು ನಕ್ಕ.

ಮುಗಿಸಿ, ಸಕ್ಕರೆ ಹಿಡಿದುಕೊಂಡು ಗಂಗಾಶ್ರೀಯ ಹತ್ತಿರ ಹೋದೆ. "ಆಡಿದ ಮಾತೆಲ್ಲ" ಎಂದು ಎತ್ತುವಷ್ಟರಲ್ಲಿ ಹಿಂದೆ ಗುಂಡಿ ಟಕ್ ಎಂದಿತು.

"ಸಾಕು ಬಿಡ್ರಿ. ಕ್ಯಾಸೆಟ್ನಾಗೆ ನನ್ನ ಹಾಡಿಗೂ ಇರ್ಲಿಲ್ಲ ಸಕ್ಕರೆ," ಅಂದಳು ನಿರ್ಮಲಮ್ಮ.

ನಾನು ಹಾಡುವುದನ್ನು ನಿಲ್ಲಿಸಲಿಲ್ಲ. ಎದುರಿಗೆ ಬಾಯಿ ಇತ್ತು, ಕೈಯಲ್ಲಿ ಸಕ್ಕರೆ ಇತ್ತು. ನಾಲ್ಕು ಸಾಲೂ ಹಾಡಿದೆ. ಗಂಗಾಶ್ರೀ ಬಾಯಿ ತೆರೆಯಲಿಲ್ಲ. ತುಟಿಗೆ ಅಂಟಿದ ಸಕ್ಕರೆಯನ್ನು ಸೆರಗಿನಿಂದ ಒರೆಸಿಕೊಂಡಳು.

"ಅದು ಅವ್ವನಿಗೆ ಇಟ್ಟದ್ದಲ್ವಾ ಅಜ್ಜಿ," ಅಂದಳು.

"ಹೌದವ್ವ."

"ಊಟ ಮಾಡ್ಕಂಡು ಹೋಗು."

ನಿರ್ಮಲಮ್ಮ ಮಾತಿಗೆ ತಪ್ಪುವ ಹೆಂಗಸಲ್ಲ. ನನ್ನ ಕಣ್ಣೆದುರಿಗೇ ಸೇರನ್ನು ನೆಟ್ಟಗೆ ಹಿಡಿದು, ಗೋಪುರ ಬರುವ ಹಾಗೆ ಅಕ್ಕಿ ತುಂಬಿ, ದೊಡ್ಡ ಪಾತ್ರೆಗೆ ಸುರಿದಳು. ಅನ್ನವಾಗುವವರೆಗೆ ಕೂತಿದ್ದೆ. ಗಂಗಾಶ್ರೀಗೆ ತಾಟಿನ ತುಂಬ ಬಡಿಸಿದಳು. ಅವಳು ಮೊದಲ ತುತ್ತು ಎತ್ತಿದಾಗ ಚನ್ನೇಶ್ ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಡು ಹಾಕಿದ.

ಆಮೇಲೆ ಅದೇ ಪದ್ಧತಿಯಾಯಿತಂತೆ. ಅವಳು ಉಣ್ಣಲು ಕೂತಾಗ ಹಾಡು, ಎದ್ದಾಗ ಬಂದ್.

ಅವಳು ಮುಂದೆ ಪಂಚಮಿಗೆ ಬರಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಶರಣ್ಯ ಎಂದು ಹೆಸರಿಟ್ಟರು, ನನಗೆ ಕರೆ ಬರಲಿಲ್ಲ. ನಾನು ಜರಿಯುವ ಹಾಡು ಕಟ್ಟುವುದನ್ನು ಬಿಟ್ಟೆ. ಕಳೆ ಕೀಳುವಾಗ ನಾಲಿಗೆಯನ್ನು ಹಲ್ಲಿಲ್ಲದ ವಸಡಿನಲ್ಲಿ ಕಚ್ಚಿ ಹಿಡಿಯುತ್ತೇನೆ.

ಒಂದೇ ಒಂದು ಸಮಾಧಾನ ಇತ್ತು. ಕ್ಯಾಸೆಟ್ ಸವೆಯುತ್ತದೆ ಎಂದು ಸಿದ್ಧಲಿಂಗೇಶ್ ಯಾವಾಗಲೋ ಹೇಳಿದ್ದ. ಓಡಿ ಓಡಿ ರೀಲು ಸಡಿಲವಾಗುತ್ತದೆ, ದನಿ ಎಳೆಯುತ್ತದೆ, ಒಂದು ದಿನ ಸಿಕ್ಕಿಹಾಕಿಕೊಂಡು ಹರಿಯುತ್ತದೆ. ಮನುಷ್ಯರ ಬಾಯಲ್ಲಿ ಒಂದೇ ದಿನಕ್ಕೆ ಸಾಯುತ್ತಿದ್ದ ಹಾಡಿಗೆ ಇದರಲ್ಲಿ ನಾಲ್ಕೈದು ವರ್ಷ ಆಯುಷ್ಯ. ಇರಲಿ, ಕಾಯುತ್ತೇನೆ ಎಂದುಕೊಂಡೆ. ಬಸ್ಸಿನ ಕ್ಯಾಸೆಟ್ ತೊಂಬತ್ತೆಂಟರಲ್ಲಿ ಹರಿಯಿತು. ಡ್ರೈವರು ಬೇರೆ ಯಾವುದೋ ಹಾಡು ಹಾಕಿಕೊಂಡ. ಆನವಟ್ಟಿ ಕಡೆಯಿಂದ ಬಂದವರನ್ನು ನಾನು ಬೇರೇನೂ ಕೇಳುತ್ತಿರಲಿಲ್ಲ. ಮಹೇಶ್ವರಪ್ಪನವರ ಮನೆಯಲ್ಲಿ ಹಾಡು ಇನ್ನೂ ಕೇಳಿಸುತ್ತದಾ ಎಂದಷ್ಟೇ ಕೇಳುತ್ತಿದ್ದೆ. ಕೇಳಿಸ್ತದೆ, ಆದ್ರೆ ದನಿ ಗೊಗ್ಗರಾಗೈತೆ ಎಂದು ಒಬ್ಬರು ಹೇಳಿದರು. ಆವತ್ತು ನಾನು ನೆಮ್ಮದಿಯಾಗಿ ಉಂಡೆ.

ತೊಂಬತ್ತೊಂಬತ್ತರ ಮಾಗಿಯಲ್ಲಿ ಸಿದ್ಧಲಿಂಗೇಶ್ ಮನೆಗೆ ಬಂದ. ಕೈಯಲ್ಲಿ ಬಿಲ್ಲೆಯಂಥದ್ದೊಂದು, ತಿರುಗಿಸಿದರೆ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತಿತ್ತು.

"ಅತ್ತೆ, ಇದು ಸೀಡಿ. ಶಿವಮೊಗ್ಗದಾಗೆ ಕಂಪ್ಯೂಟರ್‌ಗೆ ಹಾಕ್ಸಿ ಮಾಡ್ಸಿದೆ. ಇದೀಗ ಅಸಲಿ ಡಿಜಿಟಲ್. ಎಷ್ಟು ಸಲ ಹಾಕು, ಸವೆಯೋ ಮಾತೇ ಇಲ್ಲ. ಇದ್ರಿಂದ ಬೇಕಾದಾಗೆಲ್ಲ ಹೊಸ ಕ್ಯಾಸೆಟ್ ತೆಕ್ಕೊಡ್ಬಹುದು. ನಾವು ಸತ್ರೂ ನಿನ್ನ ದನಿ ಹಿಂಗೇ ಇರ್ತದೆ."

"ಯಾವ ಹಾಡೋ ಅದ್ರಾಗೆ?"

"ರೊಟ್ಟಿ ಹಾಡು. ಗಂಗಾಶ್ರೀದು. ಗೊರಗೊರ ಅನ್ನೋದೆಲ್ಲ ತೆಗ್ಸಿ ಕ್ಲೀನ್ ಮಾಡ್ಸೀನಿ."

"ನಿರ್ಮಲಮ್ಮ ಕೊಟ್ಲಾ?"

"ಅಲ್ಲ. ಗಂಗಾಶ್ರೀನೇ ತಂದ್ಲು, ಅಂಗಡಿಗೆ. ಕೂಸನ್ನೂ ಕರ್ಕೊಂಡು ಬಂದಿದ್ಲು. ಆ ಕೂಸಿಗೆ ಮೂರೂ ನುಡಿ ಬಾಯಿಪಾಠ ಅತ್ತೆ, ನನ್ನ ಮೈಕಿನ ಮುಂದೆ ನಿಂತು ಎಷ್ಟು ಚಂದ ಹಾಡ್ತು ಅಂತೀಯ. ನಿನ್ನದೇ ಕಂಠ."

ನಾನು ಹಿಡಿದುಕೊಂಡಿದ್ದ ಕುಡುಗೋಲನ್ನು ಗೋಡೆಗೆ ಸಿಕ್ಕಿಸಿದೆ.

"ಅವಳು ಯಾಕೆ ತಂದ್ಲೋ?"

"ಅವಳೇ ಹೇಳಿದ್ಲು. ಕ್ಯಾಸೆಟ್ ಎಳೀತೈತೆ ಮಾವ, ನಿಂತುಹೋದ್ರೆ ನಮ್ಮತ್ತೆ ಮತ್ತೆ ಸೇರು ಬೋರಲು ಹಾಕ್ತಾರೆ, ಸವೀದಂಗೆ ಮಾಡ್ಕೊಡು ಅಂದ್ಲು."

ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟ. ತಣ್ಣಗಿತ್ತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ನಡುವೆ ಒಂದು ತೂತು.

ಅವಳ ಕೈಯಲ್ಲಿ ಬಳೆ ಹೇಗಿದ್ದವು ಎಂದು ಕೇಳಿದೆ.



"ಬಿಗಿಯಾಗಿದ್ವು," ಅಂದ.